ಮೂರನೆಯ ಸಾಲು

ಕಚೇರಿಯಲ್ಲಿ ಅವಳಿಗೆ ಬಲಗುಂಡಿ ಎಂದು ಹೆಸರು. ಎದುರಿಗೆ ಬಲಗುಂಡಿ ಮೇಡಂ, ಬೆನ್ನ ಹಿಂದೆ ಬರೀ ಬಲಗುಂಡಿ. ಹೆಸರಿಟ್ಟ ಪುಣ್ಯಾತ್ಮರು ಕೆಲಸ ಬಿಟ್ಟು ಹೋಗಿಯೇ ಹತ್ತು ವರ್ಷವಾಗಿತ್ತು, ಹೆಸರು ಮಾತ್ರ ಉಳಿದುಕೊಂಡಿತ್ತು. ಮೌಸಿನ ಎಡಗುಂಡಿ ಒತ್ತಿದರೆ ಏನಾಗಬೇಕು ಎಂಬುದು ಬೇರೆಯವರ ತಲೆನೋವು. ಬಲಗುಂಡಿ ಒತ್ತಿದಾಗ ಪರದೆಯ ಮೇಲಿನ ಬಾಣದ ತುದಿಯಲ್ಲಿ ಪುಟ್ಟ ಪಟ್ಟಿಯೊಂದು ತೆರೆದುಕೊಳ್ಳುತ್ತದಲ್ಲ, ತೆರೆ, ಮುದ್ರಿಸು, ಕಳಿಸು ಎಂದೆಲ್ಲ, ಆ ಮೆನು ಇವಳದು. ಹದಿನೇಳು ವರ್ಷದಿಂದ ಇವಳದೇ.

ಇದೂ ಒಂದು ಕೆಲಸವೇ ಎಂದು ಮೂಗು ಮುರಿಯಬೇಡಿ. ಬಾಣ ಯಾವುದರ ಮೇಲೆ ನಿಂತಿದೆ ಎಂದು ಮೊದಲು ತಿಳಿಯಬೇಕು, ಅದಕ್ಕೆ ಒಪ್ಪುವ ಸಾಲುಗಳನ್ನಷ್ಟೇ ಜೋಡಿಸಬೇಕು. ಪರದೆಯ ಕೆಳಅಂಚಿನಲ್ಲಿ ಒತ್ತಿದರೆ ಮೆನು ಮೇಲಕ್ಕೆ ತೆರೆಯಬೇಕು, ಇಲ್ಲದಿದ್ದರೆ ಅರ್ಧ ಸಾಲು ಕಾಣದೆ ಜನ ಶಾಪ ಹಾಕುತ್ತಾರೆ. ಬೇಡವೆನಿಸಿ ಪಕ್ಕದಲ್ಲಿ ಒತ್ತಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳಬೇಕು. ಅಳಿಸು ಎಂಬ ಸಾಲು ಎಲ್ಲಕ್ಕೂ ಕೆಳಗೆ, ನಡುವೆ ಒಂದು ಗೆರೆ ಎಳೆದು ಅದರಾಚೆ. ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ. ಸದ್ಯಕ್ಕೆ ಮಾಡಲಾಗದ ಕೆಲಸವಿದ್ದರೆ ಆ ಸಾಲನ್ನು ಬೂದು ಬಣ್ಣಕ್ಕೆ ತಿರುಗಿಸಬೇಕು, ಒತ್ತಿದರೂ ಏನೂ ಆಗಬಾರದು, ಆದರೆ ಸಾಲು ತನ್ನ ಜಾಗ ಬಿಟ್ಟು ಕದಲಬಾರದು. ಯಾಕೆಂದರೆ ಮೆನುವನ್ನು ಜನ ಓದುವುದು ಮೊದಲ ವಾರ ಮಾತ್ರ. ಆಮೇಲೆ ಓದುವುದು ಕೈ. ಕೈಗೆ ಕಣ್ಣಿಲ್ಲ, ಅದಕ್ಕೆ ಗೊತ್ತಿರುವುದು ಎಷ್ಟನೆಯ ಸಾಲು ಎಂಬುದಷ್ಟೇ. ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಅವಳೇ ಹೇಳಿಕೊಡುತ್ತಿದ್ದಳು.

ಅವಳ ಕಂಪನಿ ತಯಾರಿಸುತ್ತಿದ್ದುದು ವೈದ್ಯಕೀಯ ಪ್ರಯೋಗಾಲಯಗಳ ತಂತ್ರಾಂಶ. ರಕ್ತವೋ, ಗಂಟಿನ ಚೂರೋ ಪರೀಕ್ಷೆಗೆ ಬರುತ್ತದೆ, ಫಲಿತಾಂಶ ಪರದೆಯ ಮೇಲೆ ಒಂದು ದಾಖಲೆಯಾಗಿ ನಿಲ್ಲುತ್ತದೆ, ಮೇಜಿನ ಗುಮಾಸ್ತೆ ಅದರ ಮೇಲೆ ಬಲಗುಂಡಿ ಒತ್ತಿ ವೈದ್ಯರಿಗೆ ಕಳಿಸುತ್ತಾಳೆ. ಮೆನುವಿನ ಮೊದಲ ಸಾಲು ತೆರೆ. ಎರಡನೆಯದು ಮುದ್ರಿಸು. ಮೂರನೆಯದು ವೈದ್ಯರಿಗೆ ಕಳಿಸು. ನಾಲ್ಕನೆಯದು ಮುಗಿಯಿತೆಂದು ಗುರುತಿಸು, ಇದು ರೋಗಿಯೇ ಬಂದು ಕಾಗದವನ್ನು ಕೈಯಾರೆ ತೆಗೆದುಕೊಂಡು ಹೋದಾಗ ಒತ್ತಬೇಕಾದದ್ದು. ಕಳಿಸಿದರೂ ಸರಿ, ಮುಗಿಯಿತೆಂದು ಗುರುತಿಸಿದರೂ ಸರಿ, ದಾಖಲೆ ಪರದೆಯಿಂದ ಮಾಯ. ಗುಮಾಸ್ತೆಗೆ ಎರಡೂ ಒಂದೇ ತರಹ ಕಾಣುತ್ತವೆ. ಇದನ್ನು ನೆನಪಿಡಿ, ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ.

ವಯಸ್ಸು ನಲವತ್ತೇಳು. ಮದುವೆ ಒಂದೆರಡು ಸಲ ಹತ್ತಿರ ಬಂದು ಹೊಸಿಲಿನಿಂದಲೇ ಹಿಂದಿರುಗಿ ಹೋಗಿತ್ತು, ಅದಕ್ಕಾಗಿ ಅವಳು ಹೆಚ್ಚು ಕೊರಗಿದವಳಲ್ಲ. ನಾಲ್ಕನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ತಾಯಿ, ಮಗಳು. ತಾಯಿ ಮೂವತ್ತು ವರ್ಷ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಜಾ ಹೊಲಿದವಳು, ಬಾಯಿ ಜೋರು. ಮಗಳ ಕೆಲಸ ಏನೆಂದು ಯಾರಾದರೂ ಕೇಳಿದರೆ, ಇಷ್ಟೆಲ್ಲ ಓದಿ ಕೊನೆಗೆ ನಾಲ್ಕು ಸಾಲಿನ ಚೀಟಿ ಬರೆಯುತ್ತಾಳೆ, ಅದಕ್ಕೆ ಸಂಬಳ ಬೇರೆ ಕೊಡುತ್ತಾರೆ ಎಂದು ನಗುತ್ತಿದ್ದಳು. ತಮ್ಮ ಒಬ್ಬನಿದ್ದ, ಲಿಫ್ಟ್ ರಿಪೇರಿ ಕೆಲಸ, ಎರಡು ಬೀದಿಯಾಚೆ ಹೆಂಡತಿ ಮಕ್ಕಳೊಂದಿಗೆ ಮನೆ. ಮೂಗಿನ ತುದಿಯಲ್ಲಿ ಕೋಪ, ಆದರೆ ದಿನಾ ಸಂಜೆ ತಾಯಿಯ ಮುಖ ನೋಡದೆ ಮನೆಗೆ ಹೋಗುತ್ತಿರಲಿಲ್ಲ.

ಆ ತಾಯಿ ಈಗಿಲ್ಲ. ಮಾರ್ಚ್‌ನಲ್ಲಿ ಕೊರಳ ಪಕ್ಕ ಗಂಟು ಕಾಣಿಸಿತು, ಹತ್ತಿರದ ಕ್ಲಿನಿಕ್ಕಿನವರು ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಏನಾದರೂ ಇದ್ದರೆ ನಾವೇ ಫೋನ್ ಮಾಡುತ್ತೇವೆ ಎಂದರು. ಫೋನ್ ಬರಲಿಲ್ಲ. ತಾಯಿ ಎರಡು ಸಲ ಕೇಳಿದಳು, ಎರಡು ಸಲವೂ ಮಗಳು, ಬರಲಿಲ್ಲ ಎಂದರೆ ಏನೂ ಇಲ್ಲ ಎಂದರ್ಥ, ಸುಮ್ಮನಿರು ಎಂದಳು. ಆಗಸ್ಟ್‌ನಲ್ಲಿ ತಾಯಿಗೆ ನುಂಗಲು ಕಷ್ಟವಾದಾಗ ಬೇರೆ ಆಸ್ಪತ್ರೆಗೆ ಹೋದರು. ಅಲ್ಲಿಯ ವೈದ್ಯರು ಹಳೆಯ ಫಲಿತಾಂಶ ತರಿಸಿ ನೋಡಿ, ಇದು ಮಾರ್ಚ್‌ನಲ್ಲೇ ತಯಾರಿತ್ತಲ್ಲ, ಐದು ತಿಂಗಳು ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಅಕ್ಟೋಬರ್ ಕೊನೆಗೆ ಎಲ್ಲ ಮುಗಿಯಿತು.

ಮಗಳು ಅಳಲಿಲ್ಲ. ಬೇಕೆಂದು ತಡೆದದ್ದಲ್ಲ, ಅಳು ಬರಲೇ ಇಲ್ಲ. ಎದೆಯೊಳಗೆ ಏನೋ ಮರಗಟ್ಟಿ ಹೋದ ಹಾಗಿತ್ತು. ನಾಲ್ಕನೆಯ ದಿನ ಕಚೇರಿಗೆ ಹೋದಳು. ಬೆಳಿಗ್ಗೆ ಎರಡು ಲೋಟ ಇಟ್ಟು, ಒಂದನ್ನು ಮತ್ತೆ ಕಪಾಟಿಗೆ ಸೇರಿಸುತ್ತಿದ್ದಳು. ಊಟಕ್ಕೆ ಉಪ್ಪಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಪಕ್ಕದ ಮನೆಯಾಕೆ, ಗಟ್ಟಿಗಿತ್ತಿ ಕಣ್ರೀ ಇವಳು ಎಂದು ಹೊಗಳಿದಾಗ ಹೌದೆಂದು ತಲೆಯಾಡಿಸಿದಳು. ಜನಕ್ಕೇನು, ಒಣಗಿದ ಕಣ್ಣು ಕಂಡರೆ ಧೈರ್ಯ ಅಂದುಕೊಳ್ಳುತ್ತಾರೆ.

ತಮ್ಮ ಹಾಗಲ್ಲ. ಅಮ್ಮನ ಸಾವಿಗೆ ಯಾರಾದರೂ ಒಬ್ಬರು ಉತ್ತರ ಕೊಡಲೇಬೇಕು ಎಂದು ಪಟ್ಟು ಹಿಡಿದ. ಪ್ರಯೋಗಾಲಯಕ್ಕೆ ದೂರು ಬರೆದ. ಅವರು ಯಾರು ಯಾವಾಗ ಏನು ಒತ್ತಿದರೆಂದು ದಾಖಲಿಸುವ ಯಂತ್ರದ ದಿನಚರಿ ತೆಗೆದು ನೋಡಿ, ಒಂದು ಕಾಗದ ಕಳಿಸಿದರು. ಒಂದು ಸಂಜೆ ಅದನ್ನು ಅಕ್ಕನ ಮುಂದಿಟ್ಟು, ಇದರಲ್ಲಿರುವುದು ಏನೆಂದು ಬಿಡಿಸಿ ಹೇಳು, ಇದೆಲ್ಲ ನಿನ್ನ ಭಾಷೆಯಲ್ಲವೇ ಎಂದ. ಅವಳು ಅನ್ನ ಬಡಿಸುತ್ತಿದ್ದ ಕೈಯನ್ನು ಒರೆಸಿಕೊಂಡು ಓದಿದಳು. ಮಾರ್ಚ್ ಹನ್ನೆರಡು, ಬೆಳಿಗ್ಗೆ ಹನ್ನೊಂದು ನಲವತ್ತು. ಮೇಜು ಎರಡು. ಮುಗಿಯಿತೆಂದು ಗುರುತಿಸಲಾಗಿದೆ. ಕೆಳಗೆ, ಮೇಜು ಎರಡರ ಗುಮಾಸ್ತೆಯ ನಿರ್ಲಕ್ಷ್ಯದ ಬಗ್ಗೆ ವಿಚಾರಣೆ ನಡೆಸಿ ಕೆಲಸದಿಂದ ತೆಗೆಯುವ ಕುರಿತು ತೀರ್ಮಾನಿಸಲಾಗುವುದು, ತಾವು ಹಾಜರಿರಬೇಕು ಎಂದು ಬರೆದಿತ್ತು.

ಗುಮಾಸ್ತೆ ಕಳಿಸು ಒತ್ತುವ ಬದಲು ಮುಗಿಯಿತು ಒತ್ತಿದ್ದಾಳೆ ಎಂದು ಅವಳು ತಮ್ಮನಿಗೆ ಹೇಳಿದಳು. ಅಷ್ಟು ಹೇಳಿ, ಮತ್ತೆ ಸೌಟು ತೆಗೆದುಕೊಂಡು ಬಡಿಸಿದಳು.

ಆದರೆ ಆ ತಾರೀಖು ಅವಳಿಗೆ ಗೊತ್ತಿತ್ತು. ಆ ವರ್ಷದ ಮಾರ್ಚ್ ಮೊದಲ ವಾರ ಕಚೇರಿಗೆ ಹೊಸ ಮ್ಯಾನೇಜರ್ ಬಂದಿದ್ದ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಇವನೂ ಬಂದವನೇ ಪರದೆಯಲ್ಲಿ ಕಂಡಕಂಡದ್ದನ್ನೆಲ್ಲ ಚೊಕ್ಕ ಮಾಡಲು ಹೊರಟ. ಒತ್ತಿದರೂ ಕೆಲಸ ಮಾಡದ ಈ ಬೂದು ಸಾಲುಗಳು ಯಾಕೆ, ತೆಗೆದು ಹಾಕಿ ಎಂದ. ಅವಳು ಒಂದು ಸಲ ಬೇಡವೆಂದಳು. ಎರಡನೆಯ ಸಲ ಹೇಳಲಿಲ್ಲ. ಅಂದು ತಾಯಿಯನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಬೇಕಿತ್ತು, ಬೇಗ ಹೊರಡಬೇಕಿತ್ತು, ಮ್ಯಾನೇಜರ್ ಜೊತೆ ಕೂತು ಜಟಾಪಟಿ ಮಾಡಲು ಪುರಸೊತ್ತಿರಲಿಲ್ಲ. ಬೂದು ಮಾಡು ಎಂದಿದ್ದ ಕಡೆ ಮರೆಮಾಡು ಎಂದು ಬದಲಾಯಿಸಿದಳು. ಒಂದೇ ಒಂದು ಪದ. ಹೊರಗಿನ ಕ್ಲಿನಿಕ್ಕುಗಳಿಂದ ಬಂದ ದಾಖಲೆಗಳನ್ನು ಪ್ರಯೋಗಾಲಯದಲ್ಲಿ ಮುದ್ರಿಸುವ ಹಾಗಿಲ್ಲ, ಆ ಕ್ಲಿನಿಕ್ಕಿನವರೇ ಮುದ್ರಿಸಿಕೊಳ್ಳಬೇಕು. ಹಾಗಾಗಿ ಅಂಥವಕ್ಕೆ ಎರಡನೆಯ ಸಾಲು ಮರೆಯಾಯಿತು, ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಮೇಲೆ ಹತ್ತಿದವು. ಮೂರನೆಯ ಜಾಗದಲ್ಲಿ ಈಗ ಮುಗಿಯಿತೆಂದು ಗುರುತಿಸು ಬಂದು ಕೂತಿತ್ತು.

ಒಂಬತ್ತು ದಿನ ಹಾಗೇ ನಡೆಯಿತು. ಒಂಬತ್ತನೆಯ ದಿನ ಬೇರೇನನ್ನೋ ಪರೀಕ್ಷಿಸುವಾಗ ಅವಳ ಕೈಯೇ ಮೂರನೆಯ ಸಾಲಿಗೆ ಹೋಗಿ ಬಿತ್ತು, ಒತ್ತಿದ ಮೇಲೆ ಬೆಚ್ಚಿದಳು. ಅಂದೇ ಸರಿಮಾಡಿ, ಎಲ್ಲ ಪ್ರಯೋಗಾಲಯಗಳಿಗೂ ರವಾನಿಸಿ, ಮೆನು ಸಾಲುಗಳ ಕ್ರಮ ತಿದ್ದಲಾಗಿದೆ ಎಂದು ಟಿಪ್ಪಣಿ ಹಾಕಿದಳು. ಈ ಒಂಬತ್ತು ದಿನ ಯಾರ್‍ಯಾರದು ಏನಾಯಿತೋ ವಿಚಾರಿಸಬೇಕಲ್ಲವೇ ಎಂದು ಮ್ಯಾನೇಜರ್ ಹತ್ತಿರ ಹೋದರೆ ಅವನು, ದೂರೇನೂ ಬಂದಿಲ್ಲವಲ್ಲ, ಇರುವೆ ಗೂಡಿಗೆ ಯಾಕೆ ಕೈ ಹಾಕುತ್ತೀರಿ ಎಂದ. ಅವಳಿಗೆ ಒಳಗೊಳಗೇ ಹಗುರವಾಯಿತು. ಅದೇ ಅವಳ ತಪ್ಪು, ಬದಲಾಯಿಸಿದ್ದಕ್ಕಿಂತ ದೊಡ್ಡ ತಪ್ಪು. ಆ ಒಂಬತ್ತು ದಿನದೊಳಗೆ ತನ್ನ ತಾಯಿಯ ಚೂರೂ ಅದೇ ಮೆನುವಿನ ಕೆಳಗೆ ಹಾದು ಹೋಗಿದೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ತಮ್ಮ ತಂದ ಆ ಕಾಗದ ನೋಡಿದಾಗ. ಹೊಳೆದ ಮೇಲೂ ಏನೂ ಅನ್ನಿಸಲಿಲ್ಲ, ಇದನ್ನು ಕೇಳಿದರೆ ನೀವು ನಂಬಲಿಕ್ಕಿಲ್ಲ. ಭಯವೂ ಇಲ್ಲ, ನಾಚಿಕೆಯೂ ಇಲ್ಲ. ಯಾರದೋ ದಾಖಲೆ ಓದಿದ ಹಾಗೆ ಓದಿ ಮಡಿಸಿಟ್ಟಳು. ಮೂರು ವಾರ ದಿನಾ ಸಂಜೆ ತಮ್ಮ ಬಂದು ಆ ಗುಮಾಸ್ತೆಯನ್ನು ಬೈದು ಹೋಗುತ್ತಿದ್ದ. ಅವಳ ಮನೆ ಹಾಳಾಗಲಿ ಎನ್ನುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆ ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಬಡಿಸಿದಳು. ಹೇಳಿದರೆ ಉಳಿದಿರುವ ಒಬ್ಬ ತಮ್ಮನೂ ಹೋಗುತ್ತಾನೆ, ಹೇಳದಿದ್ದರೆ ಮುಖವೇ ನೋಡದ ಹೆಂಗಸೊಬ್ಬಳ ಕೆಲಸ ಹೋಗುತ್ತದೆ. ಲೆಕ್ಕ ಅಷ್ಟು ಸರಳ. ಮುಖ ನೋಡಿಲ್ಲವಲ್ಲ ಎಂಬುದೊಂದೇ ಅವಳಿಗೆ ಆಸರೆಯಾಗಿತ್ತು.

ವಿಚಾರಣೆಯ ದಿನ ಮುಖ ನೋಡಬೇಕಾಯಿತು. ಪ್ರಯೋಗಾಲಯದ ಮೇಲಂತಸ್ತಿನಲ್ಲಿ ಕಿಟಕಿಗೆ ಪರದೆಯಿಲ್ಲದ ಕೋಣೆ, ಉದ್ದನೆಯ ಮೇಜು, ಮುಚ್ಚಳ ತೆಗೆಯದ ನೀರಿನ ಬಾಟಲಿಗಳು. ಒಂದು ಕಡೆ ಆಡಳಿತಾಧಿಕಾರಿ, ಅವರ ಪಕ್ಕ ಬಿಳಿ ಕೋಟಿನ ಹಿರಿಯ ವೈದ್ಯೆ. ಇನ್ನೊಂದು ಕಡೆ ಅಕ್ಕ, ತಮ್ಮ. ತುದಿಯ ಕುರ್ಚಿಯಲ್ಲಿ ಆ ಗುಮಾಸ್ತೆ. ಐವತ್ತು ದಾಟಿದ ಹೆಂಗಸು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ಕೂತಿದ್ದಳು. ತಮ್ಮನನ್ನು ಕಂಡ ಕೂಡಲೇ ಎದ್ದು ನಿಂತಳು, ಅವನು ಮುಖ ತಿರುಗಿಸಿದ ಮೇಲೆ ಕೂತಳು.

ಆಡಳಿತಾಧಿಕಾರಿ ದಿನಚರಿಯ ಸಾಲನ್ನು ಓದಿ, ಇದಕ್ಕೇನು ಹೇಳುತ್ತೀರಿ ಎಂದು ಕೇಳಿದರು. ಗುಮಾಸ್ತೆಗೆ ಆ ದಿನವಾಗಲಿ ಆ ದಾಖಲೆಯಾಗಲಿ ನೆನಪಿರಲಿಲ್ಲ. ದಿನಕ್ಕೆ ಇನ್ನೂರು ಮುನ್ನೂರು ಬರುತ್ತವೆ, ಯಾವುದೆಂದು ನೆನಪಿಡಲಿ ಎಂದು ಮೆಲ್ಲಗೆ ಹೇಳಿದಳು. ಹಾಗಾದರೆ ಯಂತ್ರ ಸುಳ್ಳು ಹೇಳುತ್ತದೆಯೇ ಎಂದು ಅವರು ಕೇಳಿದರು. ಅವಳು ತನ್ನ ಬಲಗೈಯನ್ನೇ ನೋಡಿಕೊಂಡಳು.

“ನಾನು ಮೂರನೇದನ್ನೇ ಒತ್ತಿರ್ತೀನಿ ಸರ್. ಹನ್ನೆರಡು ವರ್ಷದಿಂದ ಮೂರನೇದೇ ಒತ್ತೋದು. ಬೇರೇದಕ್ಕೆ ನನ್ನ ಕೈ ಹೋಗೋದೇ ಇಲ್ಲ. ಆದ್ರೂ ಅದು ಹೇಗೆ ಹಾಗಾಯ್ತೋ, ದೇವರಾಣೆ ನಂಗೆ ಗೊತ್ತಿಲ್ಲ.”

ಮೂರನೆಯದೆಂದರೆ ಏನು ಎಂದು ಆಡಳಿತಾಧಿಕಾರಿಗೆ ಅರ್ಥವಾಗಲಿಲ್ಲ. ವೈದ್ಯೆಗೂ ಆಗಲಿಲ್ಲ. ತಮ್ಮ, ನೋಡಿ ಸರ್ ಹೇಗೆ ಜಾರಿಕೊಳ್ತಾರೆ ಎಂದ. ಆ ಕೋಣೆಯಲ್ಲಿ ಅದು ಅರ್ಥವಾದದ್ದು ಒಬ್ಬಳಿಗೇ. ಹದಿನೇಳು ವರ್ಷ ಅವಳು ಹೊಸಬರಿಗೆ ಪಾಠ ಹೇಳಿದ ಆ ಕೈ, ಕಣ್ಣಿಲ್ಲದ ಕೈ, ಈಗ ಮೇಜಿನ ತುದಿಯಲ್ಲಿ ಕೂತಿತ್ತು. ಅದು ಒಂದು ಸಲವೂ ತಪ್ಪಿರಲಿಲ್ಲ.

“ಅವರು ಒತ್ತಿದ್ದು ಸರಿಯಾಗಿದೆ,” ಎಂದಳು ಅವಳು. “ಮೂರನೇ ಸಾಲನ್ನ ಬದಲಾಯಿಸಿದ್ದು ನಾನು.”

ಎಲ್ಲವನ್ನೂ ಹೇಳಿದಳು. ಮೇಜಿನ ಮೇಲಿದ್ದ ಖಾಲಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು, ಎರಡನೆಯದನ್ನು ಹೊಡೆದು ಹಾಕಿ ತೋರಿಸಿದಳು. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಕಚೇರಿಯಲ್ಲಿ ವಾರದ ವರದಿ ಒಪ್ಪಿಸುವ ಹಾಗೇ ಇತ್ತು. ಗುಮಾಸ್ತೆ ಆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಬೆರಳಿಟ್ಟು ಒಂದು, ಎರಡು, ಮೂರು ಎಂದು ಎಣಿಸಿದಳು. ಎಣಿಸಿ, ಸೆರಗಿನಿಂದ ಮುಖ ಮುಚ್ಚಿಕೊಂಡಳು.

ತಮ್ಮ ಅಕ್ಕನ ಕಡೆ ತಿರುಗಿದ.

“ನಿಂಗೆ ಯಾವಾಗ ಗೊತ್ತಾಯ್ತು?”

“ನೀನು ಕಾಗದ ತಂದ ದಿನ.”

“ಮೂರು ವಾರ.” ಅವನು ಅದನ್ನು ಮತ್ತೊಂದು ಸಲ ಹೇಳಿದ. “ಮೂರು ವಾರ ನಾನು ಈ ಯಮ್ಮನ ವಂಶಾನೆಲ್ಲ ಬೈದಿದ್ದೀನಿ. ನೀನು ಎದುರಿಗೆ ನಿಂತ್ಕೊಂಡು ನಂಗೆ ಅನ್ನ ಬಡಿಸ್ತಿದ್ದೆ.”

ಅವಳು ಹೌದೆಂದಳು.

“ಲಿಫ್ಟಲ್ಲಿ ಗುಂಡಿ ಹಾಗೆ ಅದಲುಬದಲು ಮಾಡಿದ್ರೆ ನನ್ನ ಕತ್ತು ಹಿಡಿದು ಆಚೆ ದಬ್ತಿದ್ರು, ಅಕ್ಕಾ. ಕಣ್ಣು ಮುಚ್ಕೊಂಡು ಒತ್ತೋರನ್ನ ನಂಬಿಸಿ ಮೋಸ ಮಾಡಬಾರದು ಅಂತ ನಂಗೇ ಗೊತ್ತು. ಹತ್ತನೇ ಕ್ಲಾಸೂ ಪಾಸಾಗದೋನು ನಾನು.”

ಅವನು ಕಡತದಿಂದ ತನ್ನ ದೂರಿನ ಪತ್ರವನ್ನು ತೆಗೆದು, ನಾಲ್ಕಾಗಿ ಮಡಿಸಿ ಜೇಬಿಗಿಟ್ಟ. ಗುಮಾಸ್ತೆಯ ಮುಂದೆ ಹೋಗಿ ಕೈ ಮುಗಿದ. ಅಕ್ಕನ ಕಡೆ ನೋಡದೆ ಹೊರಟು ಹೋದ. ಮೆಟ್ಟಿಲ ಮೇಲೆ ಅವನ ಹೆಜ್ಜೆಗಳ ಸದ್ದು ಬಹಳ ಹೊತ್ತು ಕೇಳಿಸಿತು. ಅವಳಿಗೆ ಆಗಲೂ ಅಳು ಬರಲಿಲ್ಲ.

ಗುಮಾಸ್ತೆಯ ಮೇಲಿನ ವಿಚಾರಣೆ ಇಲ್ಲಿಗೆ ಮುಗಿಯಿತು ಎಂದು ಆಡಳಿತಾಧಿಕಾರಿ ಬರೆದುಕೊಂಡರು. ನಿಮ್ಮ ಕಂಪನಿಗೆ ನಾವು ಪತ್ರ ಬರೆಯಬೇಕಾಗುತ್ತದೆ ಎಂದರು, ಅವಳು ಬರೆಯಿರಿ ಎಂದಳು. ಆಗ ವೈದ್ಯೆ ಕೇಳಿದರು: “ಆ ಒಂಬತ್ತು ದಿನ ಹೊರಗಿನ ಕ್ಲಿನಿಕ್ಕಿಂದ ಬಂದಿದ್ದು ನಿಮ್ಮ ತಾಯಿಯವರದೊಂದೇನಾ?”

ಒಂಬತ್ತು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅವಳು, ವೈದ್ಯೆ, ಗುಮಾಸ್ತೆ ಮೂವರೂ ಕೆಳಗಿಳಿದು ಮೇಜು ಎರಡಕ್ಕೆ ಹೋದರು. ಗುಮಾಸ್ತೆ ತನ್ನ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತಳು. ಕಳಿಸದೆಯೇ ಮುಗಿದವು, ಹೊರಗಿನವು, ಆ ತಾರೀಖಿನಿಂದ ಈ ತಾರೀಖಿನವರೆಗೆ ಎಂದು ಹುಡುಕಿದಾಗ ಮೂವತ್ತೊಂದು ಹೆಸರು ಬಂದವು. ವೈದ್ಯೆ ಒಂದೊಂದನ್ನೇ ತೆರೆದು ಓದಿದರು. ಇಪ್ಪತ್ತೊಂಬತ್ತರಲ್ಲಿ ಹೆದರುವಂಥದ್ದೇನಿರಲಿಲ್ಲ. ಉಳಿದ ಎರಡರಲ್ಲಿ ಒಂದು ಅವಳ ತಾಯಿಯದು. ಇನ್ನೊಂದು ಶಾಲಾ ಬಸ್ ಓಡಿಸುವ ಹೆಂಗಸೊಬ್ಬಳದು.

ಫೋನ್ ಯಾರು ಮಾಡುವುದು ಎಂದು ಮೂವರೂ ಮುಖ ಮುಖ ನೋಡಿಕೊಂಡರು. ನಾನೇ ಮಾಡುತ್ತೇನೆ ಎಂದಳು ಅವಳು. ಆ ಕಡೆಯ ದನಿ ಗಟ್ಟಿಯಾಗಿತ್ತು, ಹಿಂದೆ ಮಕ್ಕಳ ಗಲಾಟೆ. ಬೇಗ ಹೇಳಿ, ಗಾಡಿ ತೆಗೆಯಬೇಕು ಎಂದಿತು. ಅವಳು, ನಿಮ್ಮ ಫಲಿತಾಂಶ ಮಾರ್ಚ್‌ನಲ್ಲೇ ಬಂದಿತ್ತು, ನಮ್ಮ ತಪ್ಪಿನಿಂದ ನಿಮಗೆ ತಲುಪಲಿಲ್ಲ, ತಪ್ಪು ನನ್ನದೇ, ಇವತ್ತೇ ಬಂದು ವೈದ್ಯರನ್ನು ನೋಡಬೇಕು ಎಂದಳು. ಗಟ್ಟಿಯಿದ್ದ ಆ ದನಿ ಮೆತ್ತಗೆ ಕೇಳಿತು:

“ಇನ್ನೂ ಟೈಮ್ ಇದೆಯಾ, ಅಮ್ಮಾ?”

ಏಳು ವಾರದಿಂದ ಮರಗಟ್ಟಿದ್ದದ್ದು ಕರಗಿ ಒಡೆಯಿತು, ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. ಗುಮಾಸ್ತೆ ಅವಳ ಕೈಯಿಂದ ಫೋನ್ ಬಿಡಿಸಿಕೊಂಡು, ಯಾವ ಬಾಗಿಲು, ಯಾವ ಮಹಡಿ, ಯಾರನ್ನು ಕೇಳಬೇಕು ಎಂದು ಹೇಳಿ ಇಟ್ಟಳು. ಇನ್ನೊಂದು ಕೈಯಿಂದ ಅವಳ ಬೆನ್ನು ಸವರುತ್ತಲೇ ಇದ್ದಳು. ತನ್ನ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು ಇವಳಿಂದ ಎಂಬುದನ್ನು ಆ ಹೆಂಗಸು ಆ ಹೊತ್ತಿಗೆ ಮರೆತಂತಿತ್ತು.

ಒಂದೂವರೆ ಗಂಟೆಯಾದ ಮೇಲೆ ಬಸ್ಸಿನಾಕೆ ಬಂದಳು. ಖಾಕಿ ಅಂಗಿ, ಕೈಯಲ್ಲಿ ಇನ್ನೂ ಬಸ್ಸಿನ ಕೀಲಿ, ಜೊತೆಯಲ್ಲಿ ಯಾರೂ ಇಲ್ಲ. ಮೇಜು ಎರಡರ ಮುಂದೆ ನಿಂತು ಇಬ್ಬರು ಹೆಂಗಸರ ಮುಖವನ್ನೂ ನೋಡಿದಳು.

“ಫೋನಲ್ಲಿ ಅತ್ತಿದ್ದು ಯಾರು?”

“ನಾನು.”

“ಯಾಕೆ ಅತ್ರಿ? ನಂದು ಅಷ್ಟು ಕೆಟ್ಟುಹೋಗಿದೆಯಾ? ನಿಜ ಹೇಳಿ.”

“ನಿಮ್ಮದು ಹೇಗಿದೆ ಅಂತ ಡಾಕ್ಟರ್ ಹೇಳ್ತಾರೆ, ನಂಗೊತ್ತಿಲ್ಲ,” ಎಂದಳು ಅವಳು. “ನಾನು ಅತ್ತಿದ್ದು ನಮ್ಮಮ್ಮಂಗೋಸ್ಕರ. ಟೈಮ್ ಇದೆಯಾ ಅಂತ ನಮ್ಮಮ್ಮ ಕೇಳೋಕೆ, ಅವಳಿಗೆ ಯಾರೂ ಫೋನೇ ಮಾಡ್ಲಿಲ್ಲ.”

ಬಸ್ಸಿನಾಕೆ ಕೀಲಿಯನ್ನು ಅವಳ ಕೈಗೆ ಕೊಟ್ಟು, ಇದನ್ನು ಹಿಡಿದುಕೊಂಡಿರಿ, ನಾನು ಬರುವವರೆಗೆ ಇಲ್ಲೇ ಇರಿ ಎಂದು ಹೇಳಿ ವೈದ್ಯೆಯ ಕೋಣೆಗೆ ಹೋದಳು.